ವಿಶ್ವವಿದ್ಯಾಲಯದ ಚರ್ಚಾಗೋಷ್ಠಿ: ಅಲ್ಲಿ ನಡೆಯುವುದೇನು, ನಾವು ಕೇಳಬೇಕಾದದ್ದೇನು



ರಾಯಚೂರು, ಕಲಬುರಗಿ, ಹಂಪಿ, ಹೈದರಾಬಾದ್ ಕಡೆಯ ವಿಶ್ವವಿದ್ಯಾಲಯಗಳ ಆಹ್ವಾನ ಪತ್ರಿಕೆಗಳು ಈಗ ಎಲ್ಲರ ಫೋನಿಗೂ ಬರುತ್ತವೆ. ವಿಚಾರ ಸಂಕಿರಣ, ಗೋಷ್ಠಿ, ಸಂವಾದ, ದತ್ತಿ ಉಪನ್ಯಾಸ ಎಂದು ಹೆಸರುಗಳು ಬೇರೆ ಬೇರೆ. ಕೊನೆಯ ಸಾಲಿನಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಎಂದು ಇರುತ್ತದೆ. ನಮ್ಮವರು ಅದನ್ನು ನಾಲ್ಕು ಗುಂಪುಗಳಿಗೆ ಕಳುಹಿಸಿ ಸುಮ್ಮನಾಗುತ್ತಾರೆ. ಹೋಗೋಣ ಬನ್ನಿ ಎಂದರೆ, ‘ಅದು ಓದಿದವರ ಕೆಲಸ ಸಾರ್, ನಮಗೇನು ತಿಳೀತದ’ ಎನ್ನುತ್ತಾರೆ.

ಈ ಸಂಕೋಚ ಬೇಡ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಇಂಥ ಸಭೆಗಳಲ್ಲಿ ಗಡಿಭಾಗದ ಶಾಲೆ, ನೀರು, ಭಾಷೆ ಕುರಿತು ಮಾತಾಡುತ್ತಾರೆ. ಗಡಿಭಾಗದ ಜನರೇ ಅಲ್ಲಿ ಇಲ್ಲದಿದ್ದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಇವು ಹೇಗೆ ನಡೆಯುತ್ತವೆ, ನಾವು ಹೋದರೆ ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ತಿಳಿದಷ್ಟು ಬರೆದಿದ್ದೇನೆ.

ವಿಶ್ವವಿದ್ಯಾಲಯ ನಮ್ಮನ್ನು ಕರೆಯುವುದು ಏಕೆ?

ವಿಶ್ವವಿದ್ಯಾಲಯ ಎಂದರೆ ಪಾಠ ಮತ್ತು ಪರೀಕ್ಷೆ ಎಂದು ನಾವು ತಿಳಿದಿದ್ದೇವೆ. ಕನ್ನಡ ನಾಡಿನಲ್ಲಿ ಅದರ ಅರ್ಥ ಇನ್ನೂ ದೊಡ್ಡದು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ 1956ರಿಂದ 1960ರವರೆಗೆ ಕುವೆಂಪು ಅವರು ಕುಲಪತಿಗಳಾಗಿದ್ದರು. ವಿಶ್ವವಿದ್ಯಾಲಯಕ್ಕೆ ಮೂರು ಅಂಗಗಳಿರಬೇಕು ಎಂದು ಅವರು ಭಾವಿಸಿದರು: ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ. ಮೊದಲನೆಯದು ಕಲಿಸುವುದು, ಎರಡನೆಯದು ಹುಡುಕುವುದು, ಮೂರನೆಯದು ಕಲಿತದ್ದನ್ನೂ ಹುಡುಕಿದ್ದನ್ನೂ ಜನರಿಗೆ ಮುಟ್ಟಿಸುವುದು. ಅಧ್ಯಾಪಕರು ಊರುಗಳಿಗೆ ಹೋಗಿ ಜನರ ಮುಂದೆ ಕನ್ನಡದಲ್ಲಿ ಮಾತಾಡಿ, ಆ ಮಾತುಗಳನ್ನು ಚಿಕ್ಕ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಮಾರುವ ಪ್ರಚಾರೋಪನ್ಯಾಸದ ಪದ್ಧತಿ ಅದಕ್ಕೂ ಮೊದಲೇ ಮೈಸೂರಿನಲ್ಲಿ ಇತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯ, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವುಗಳಲ್ಲೂ ಪ್ರಸಾರಾಂಗ ಎಂಬ ವಿಭಾಗ ಇದೆ.

ಹಾಗಾಗಿ ಜನರನ್ನು ಕರೆದು ಮಾತಾಡಿಸುವುದು ವಿಶ್ವವಿದ್ಯಾಲಯದವರು ನಮಗೆ ಮಾಡುವ ಉಪಕಾರವಲ್ಲ, ಅವರ ಕೆಲಸದ ಮೂರನೇ ಒಂದು ಭಾಗ. ನಾವು ಹೋಗಿ ಕೂತರೆ ಆ ಕೆಲಸ ಪೂರ್ತಿಯಾಗುತ್ತದೆ.

ನಮ್ಮ ಸೀಮೆಯ ಅನುಭವ ಮೈಸೂರಿನಂತಿರಲಿಲ್ಲ. ಐಜ, ಗದ್ವಾಲ, ಮಕ್ತಲ್ ಎಲ್ಲವೂ ನಿಜಾಮರ ರಾಜ್ಯದಲ್ಲಿದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟು ದೊಡ್ಡ ಹೆಸರು ಮಾಡಿತು. ಆ ಭಾಷೆ ಉರ್ದು. ಹೊಲಮನೆಯಲ್ಲಿ ಕನ್ನಡ, ತೆಲುಗು ಮಾತಾಡುವ ರೈತಾಪಿ ಜನರಿಗೆ ಅದರ ಬಾಗಿಲು ದೂರವಾಗಿಯೇ ಉಳಿಯಿತು. ಅದರ ಮೇಲೆ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯಂತೆ ಸಾರ್ವಜನಿಕ ಸಭೆ ನಡೆಸಬೇಕಾದರೆ ಮುಂಚಿತವಾಗಿ ಸರ್ಕಾರದ ಪರವಾನಗಿ ಪಡೆಯಬೇಕಿತ್ತು. ಅಂಥ ಕಾಲ ಕಂಡ ಸೀಮೆಯವರು ನಾವು. ಇಂದು ಆಹ್ವಾನವೇ ಮನೆಗೆ ಬರುತ್ತಿರುವಾಗ ಹೋಗದಿರುವುದು ಸರಿಯಲ್ಲ.

ನಮ್ಮ ನೆಲಕ್ಕೆ ಚರ್ಚೆ ಹೊಸದಲ್ಲ

ಗದ್ವಾಲ ಸಂಸ್ಥಾನಕ್ಕೆ ‘ವಿದ್ವದ್ಗದ್ವಾಲ’ ಎಂಬ ಹೆಸರಿತ್ತು. ದೂರದ ಊರುಗಳಿಂದ ಕವಿಗಳು, ಪಂಡಿತರು ಇಲ್ಲಿಗೆ ಬಂದು ಸಭೆಯಲ್ಲಿ ವಾದ ಮಾಡಿ ಸನ್ಮಾನ ಪಡೆಯುತ್ತಿದ್ದರು. ಆ ಸಭೆಗಳು ಅರಮನೆಯವು, ಶಾಸ್ತ್ರ ಓದಿದವರಿಗಷ್ಟೇ. ಆದರೂ ಎದುರಿನವನ ಮಾತು ಪೂರ್ತಿ ಕೇಳಿ, ಆಧಾರ ತೋರಿಸಿ ಉತ್ತರ ಕೊಡಬೇಕು ಎಂಬ ಶಿಸ್ತು ಅಲ್ಲಿತ್ತು.

ಆ ಪಂಡಿತರು ಓದುತ್ತಿದ್ದ ನ್ಯಾಯಶಾಸ್ತ್ರದಲ್ಲಿ ಚರ್ಚೆಗೆ ಮೂರು ಬಗೆ ಹೇಳಿದ್ದಾರೆ. ನಿಜ ತಿಳಿಯಬೇಕೆಂದು ಮಾಡುವುದು ‘ವಾದ’. ಗೆಲ್ಲಲೇಬೇಕೆಂದು ಮಾಡುವುದು ‘ಜಲ್ಪ’. ತನ್ನದು ಎನ್ನುವ ನಿಲುವೇ ಇಲ್ಲದೆ ಎದುರಿನವನದನ್ನು ಕೆಡವಲಿಕ್ಕೆ ಮಾತ್ರ ಮಾಡುವುದು ‘ವಿತಂಡ’. ‘ವಿತಂಡವಾದ ಮಾಡಬೇಡ’ ಎಂದು ನಾವು ಮನೆಯಲ್ಲಿ ಮಕ್ಕಳಿಗೆ ಹೇಳುವ ಮಾತು ಅಲ್ಲಿಂದ ಬಂದದ್ದು. ಟಿವಿಯಲ್ಲಿ ರಾತ್ರಿ ನಡೆಯುವುದರಲ್ಲಿ ಎರಡನೆಯ, ಮೂರನೆಯ ಬಗೆಯೇ ಹೆಚ್ಚು. ವಿಶ್ವವಿದ್ಯಾಲಯದ ಚರ್ಚೆ ಮೊದಲನೆಯ ಬಗೆಯದಾಗಿರಬೇಕು ಎಂಬುದು ನಿರೀಕ್ಷೆ. ನಾವು ಅಲ್ಲಿ ಕೇಳುವ ಪ್ರಶ್ನೆಯೂ ಅದೇ ಬಗೆಯದಾಗಿರಬೇಕು.

ಆಧಾರದಿಂದ ಉತ್ತರಿಸುವುದು ಎಂದರೇನು ಎನ್ನುವುದಕ್ಕೆ ನಮ್ಮ ನಡಿಗಡ್ಡೆಯಲ್ಲೇ ಒಂದು ಉದಾಹರಣೆ ಇದೆ. ನಿಜಾಮರ ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲ ಎಂಬ ಮಾತು ಒಮ್ಮೆ ಬಂತು. ಇದೇ ಸೀಮೆಯ ಸುರವರಂ ಪ್ರತಾಪರೆಡ್ಡಿ ಅವರು ಅದಕ್ಕೆ ಬೈಗುಳದ ಉತ್ತರ ಕೊಡಲಿಲ್ಲ. ಊರೂರಿನಿಂದ ವಿವರ ತರಿಸಿ, 354 ಕವಿಗಳನ್ನು ಒಟ್ಟುಗೂಡಿಸಿ 1934ರಲ್ಲಿ ‘ಗೋಲಕೊಂಡ ಕವುಲ ಸಂಚಿಕ’ ಪ್ರಕಟಿಸಿದರು. ಮಾತು ಅಲ್ಲಿಗೆ ಮುಗಿಯಿತು. ಅದು ತೆಲುಗಿನ ವಿಷಯವಾದರೂ ಗಡಿಯ ಕನ್ನಡಿಗರಾದ ನಾವು ಕಲಿಯಬೇಕಾದ ಪಾಠ ಅದರಲ್ಲಿದೆ. ‘ನೀವು ಎಲ್ಲಿದ್ದೀರಿ?’ ಎಂದು ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಪಟ್ಟಿ ಇರಬೇಕು.

ಯಾವ ಸಭೆ ಯಾವ ಬಗೆಯದು

ಆಹ್ವಾನ ಪತ್ರಿಕೆಯಲ್ಲಿರುವ ಹೆಸರುಗಳ ವ್ಯತ್ಯಾಸ ತಿಳಿದರೆ ಎಲ್ಲಿಗೆ ಹೋದರೆ ಉಪಯೋಗ ಎಂದು ಗೊತ್ತಾಗುತ್ತದೆ.

ದತ್ತಿ ಉಪನ್ಯಾಸ ಅಥವಾ ವಿಶೇಷ ಉಪನ್ಯಾಸ: ಯಾರೋ ದಾನಿಗಳು ಇಟ್ಟ ಹಣದ ಬಡ್ಡಿಯಿಂದಲೋ ವಿಭಾಗದ ವತಿಯಿಂದಲೋ ಒಬ್ಬರು ಒಂದು ವಿಷಯದ ಮೇಲೆ ಮಾತಾಡುತ್ತಾರೆ. ಕೇಳಿ ತಿಳಿದುಕೊಳ್ಳುವುದಕ್ಕೆ ಒಳ್ಳೆಯದು. ಪ್ರಶ್ನೆಗೆ ಸಮಯ ಕಡಿಮೆ.

ವಿಚಾರ ಸಂಕಿರಣ: ಒಂದು ಅಥವಾ ಎರಡು ದಿನ ನಡೆಯುತ್ತದೆ. ಉದ್ಘಾಟನೆ, ಆಮೇಲೆ ಮೂರು ನಾಲ್ಕು ಗೋಷ್ಠಿ, ಕೊನೆಗೆ ಸಮಾರೋಪ. ಪ್ರತಿ ಗೋಷ್ಠಿಗೂ ಒಬ್ಬ ಅಧ್ಯಕ್ಷರು, ಇಬ್ಬರು ಮೂವರು ಪ್ರಬಂಧ ಮಂಡಿಸುವವರು. ಪ್ರಬಂಧಗಳು ಮುಂದೆ ಪುಸ್ತಕವಾಗುವುದುಂಟು. ಅಲ್ಲಿ ನಮ್ಮ ಊರಿನ ಹೆಸರು ಒಮ್ಮೆ ಅಚ್ಚಾದರೆ ಮುಂದಿನ ಸಂಶೋಧಕರು ಅದನ್ನೇ ಎತ್ತಿ ಬರೆಯುತ್ತಾರೆ. ತಪ್ಪಾಗಿ ಅಚ್ಚಾದರೆ ತಪ್ಪನ್ನೇ ಎತ್ತಿ ಬರೆಯುತ್ತಾರೆ.

ಸಂವಾದ: ವೇದಿಕೆಯ ಮೇಲೆ ಮೂರು ನಾಲ್ಕು ಜನ, ನಡುವೆ ಒಬ್ಬ ನಿರ್ವಾಹಕರು. ಭಾಷಣ ಕಡಿಮೆ, ಪ್ರಶ್ನೆ ಉತ್ತರ ಹೆಚ್ಚು. ನಮ್ಮಂಥವರು ತಪ್ಪದೆ ಹೋಗಬೇಕಾದ್ದು ಇದಕ್ಕೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುವ ಕೃಷಿ ಮೇಳಕ್ಕೆ ನಮ್ಮ ಕಡೆಯ ಹತ್ತಿ ಬೀಜದ ರೈತರು ಹೋಗಿಬರುವುದು ಉಂಟು. ಮಳಿಗೆ ನೋಡಿ ಬರುವುದರ ಜೊತೆಗೆ ವಿಜ್ಞಾನಿಗಳೊಡನೆ ಮಾತಾಡುವ ಅವಕಾಶ ಇದ್ದಾಗ ಅಲ್ಲಿಯೂ ಕೂರಬೇಕು.

ಚರ್ಚಾಸ್ಪರ್ಧೆ: ಒಂದು ವಿಷಯದ ಪರ ಮತ್ತು ವಿರೋಧ ಎಂದು ವಿದ್ಯಾರ್ಥಿಗಳು ಮಾತಾಡುವುದು. ನಮ್ಮ ಮಕ್ಕಳನ್ನು ಇದಕ್ಕೆ ತಯಾರು ಮಾಡಬೇಕು.

ಪರ–ವಿರೋಧದ ಚರ್ಚೆ ಎಷ್ಟು ದೂರ ಮುಟ್ಟಬಲ್ಲದು ಎಂಬುದಕ್ಕೆ ಹೊರದೇಶದ ಒಂದು ಪ್ರಸಂಗ ಹೇಳುತ್ತೇನೆ. 1965ರ ಫೆಬ್ರವರಿ 18ರಂದು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಚರ್ಚಾಸಂಘದಲ್ಲಿ, ಅಮೆರಿಕದ ಏಳಿಗೆ ಅಲ್ಲಿನ ಕಪ್ಪು ಜನರ ನಷ್ಟದ ಮೇಲೆ ನಿಂತಿದೆಯೇ ಎಂಬ ವಿಷಯ ಚರ್ಚೆಗೆ ಬಂತು. ಪರವಾಗಿ ಮಾತಾಡಿದವರು ಕಪ್ಪು ಜನಾಂಗದ ಲೇಖಕ ಜೇಮ್ಸ್ ಬಾಲ್ಡ್‌ವಿನ್, ವಿರೋಧವಾಗಿ ಪತ್ರಕರ್ತ ವಿಲಿಯಂ ಬಕ್ಲಿ. ಮತ ಎಣಿಸಿದಾಗ 544 ಪರ, 164 ವಿರೋಧ. ಕಪ್ಪು ಜನರ ಬಗ್ಗೆ ಪುಸ್ತಕ ಓದಿದವರು ಆ ಸಭೆಯಲ್ಲಿ ಬಹಳ ಜನ ಇದ್ದಿರಬಹುದು. ಆದರೆ ಯಾರ ಬದುಕಿನ ಬಗ್ಗೆ ಚರ್ಚೆ ನಡೆದಿತ್ತೋ ಅವರಲ್ಲೊಬ್ಬನೇ ಎದ್ದು ನಿಂತು ಮಾತಾಡಿದ್ದ. ಅದಕ್ಕೇ ಇಂದಿಗೂ ಜನ ಆ ಚರ್ಚೆಯನ್ನು ನೆನೆಯುತ್ತಾರೆ.

ಪಟ್ಟಿಯಲ್ಲಿ ಇಲ್ಲದ ನಮ್ಮ ತಾಲೂಕುಗಳು

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 1956ರ ನವೆಂಬರ್ 1ಕ್ಕೆ ಮೊದಲು ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ಕಾಯ್ದೆಯಲ್ಲಿ ಈ ಎರಡು ತಾಲೂಕುಗಳನ್ನು ಬಿಟ್ಟು ಉಳಿದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಎಂದು ಬರೆಯಲಾಯಿತು. ಹಾಗೆಯೇ ಕಲಬುರಗಿ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ತಾಲೂಕುಗಳು ಈ ಕಡೆಗೆ ಬಂದವು. ಮಕ್ತಲ್ ಸೀಮೆ ಮೊದಲೇ ಮಹಬೂಬನಗರ ಜಿಲ್ಲೆಯದು. ಹೀಗೆ ಒಂದು ದಿನ ಬೆಳಗಾಗುವಷ್ಟರಲ್ಲಿ ರಾಯಚೂರು ನಮಗೆ ಪರರಾಜ್ಯವಾಯಿತು. ಸಂತೆ, ಆಸ್ಪತ್ರೆ, ಬೀಗತನ ಮಾತ್ರ ಅಲ್ಲಿಯೇ ಉಳಿಯಿತು.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆಯ (ಸಿಇಟಿ) ಮಾಹಿತಿ ಪುಸ್ತಿಕೆಯಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ಕಲಂ ಇದೆ. ಅದರಲ್ಲಿ ಹೆಸರಿಸಿರುವುದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳನ್ನು. ಒಟ್ಟು ಏಳು. ಗದ್ವಾಲ ಇಲ್ಲ, ಆಲಂಪುರ ಇಲ್ಲ, ಮಕ್ತಲ್ ಇಲ್ಲ. ನಮ್ಮ ಮಕ್ಕಳು ‘ಹೊರನಾಡ ಕನ್ನಡಿಗ’ ಎಂಬ ಬೇರೆ ಕಲಂ ಅಡಿಯಲ್ಲಿ ಅರ್ಜಿ ಹಾಕಬೇಕು. ದೆಹಲಿಯಲ್ಲಿರುವ ಕನ್ನಡಿಗನಿಗೂ ರಾಯಚೂರಿನ ಪಕ್ಕದ ಹೊಲದಲ್ಲಿರುವ ಕನ್ನಡಿಗನಿಗೂ ಒಂದೇ ಹೆಸರು.

ಇದು ಏಕೆ ಹೀಗಾಯಿತು? 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಮಹಾರಾಷ್ಟ್ರ ಮತ್ತು ಕೇರಳದ ಜೊತೆಗಿನ ಗಡಿಯನ್ನು ಪರಿಶೀಲಿಸಿತು. ನಮ್ಮ ಗಡಿ ಆ ಆಯೋಗದ ಮುಂದೆ ಬರಲೇ ಇಲ್ಲ. ಇಲ್ಲಿ ವ್ಯಾಜ್ಯವಿರಲಿಲ್ಲ, ಅದು ಒಳ್ಳೆಯದೇ. ಆದರೆ ವ್ಯಾಜ್ಯವಿದ್ದ ಕಡೆಯ ಊರುಗಳ ಹೆಸರು ಎಲ್ಲರ ಬಾಯಲ್ಲಿ ಉಳಿಯಿತು, ಸದ್ದಿಲ್ಲದೆ ಬದುಕಿದ ಊರುಗಳ ಹೆಸರು ಮರೆತುಹೋಯಿತು ಎಂದು ನನಗೆ ಕಾಣುತ್ತದೆ. ನಾವು ತೆಲಂಗಾಣದವರು, ಇಲ್ಲಿಯೇ ಇರುವವರು. ಗಡಿ ಬದಲಿಸಿ ಎಂದು ಕೇಳುತ್ತಿಲ್ಲ. ನಮ್ಮ ಮಕ್ಕಳ ಓದಿನ ವಿಷಯ ಕೇಳುತ್ತಿದ್ದೇವೆ.

ನೀರಿನ ವಿಷಯವೂ ಹಾಗೆಯೇ. ನಮ್ಮ ಆರ್‌ಡಿಎಸ್ ಕಾಲುವೆಯ ತಲೆ ಕರ್ನಾಟಕದಲ್ಲಿ, ರಾಜೋಳಿಬಂಡಾದ ತುಂಗಭದ್ರಾ ಕಟ್ಟೆಯಲ್ಲಿದೆ. ಹೊಲಗಳು ಹೆಚ್ಚಾಗಿ ಐಜ, ಆಲಂಪುರದ ಕಡೆ ಇವೆ. ಬಚಾವತ್ ನ್ಯಾಯಮಂಡಳಿಯ ಲೆಕ್ಕದಂತೆ ಈ ಯೋಜನೆಗೆ 17.1 ಟಿಎಂಸಿ ನೀರು. ಅದರಲ್ಲಿ ಕರ್ನಾಟಕಕ್ಕೆ 1.2, ಉಳಿದ 15.9 ಈ ಕಡೆಗೆ. ಕಾಲುವೆ ಎರಡು ರಾಜ್ಯ ದಾಟುವುದರಿಂದ ಹೂಳು, ದುರಸ್ತಿ, ಕೊನೆಯ ಭಾಗದ ರೈತರಿಗೆ ನೀರು ಮುಟ್ಟುವುದು, ಇವೆಲ್ಲ ಎರಡೂ ಕಡೆಯವರು ಕೂತು ಮಾತಾಡಬೇಕಾದ ಸಂಗತಿಗಳು. ರಾಯಚೂರಿನಲ್ಲಿ ತುಂಗಭದ್ರೆಯ ಬಗ್ಗೆ ವಿಚಾರ ಸಂಕಿರಣ ನಡೆದರೆ ಐಜದ ರೈತ ಅಲ್ಲಿ ಇರಬೇಕು. ಅವನು ಕನ್ನಡದಲ್ಲಿಯೂ ಕೇಳಬಲ್ಲ, ತೆಲುಗಿನಲ್ಲಿಯೂ ಕೇಳಬಲ್ಲ. ಅದು ಗಡಿಯವರಾದ ನಮಗೆ ಇರುವ ಬಲ.

ಮೂರನೆಯದು ಶಾಲೆ. 2018ರ ತೆಲಂಗಾಣ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲಿ ತೆಲುಗು ಕಲಿಸುವುದು ಕಡ್ಡಾಯ. ತೆಲುಗು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ, ಅದು ಈ ನೆಲದ ಭಾಷೆ. ಅದರ ಜೊತೆಗೆ ಕೃಷ್ಣಾ, ಮಕ್ತಲ್, ನಾರಾಯಣಪೇಟೆ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕನ್ನಡ ಚೆನ್ನಾಗಿ ಉಳಿಯುವುದು ಹೇಗೆ, ಅಲ್ಲಿಗೆ ಬೇಕಾದ ಶಿಕ್ಷಕರು ಎಲ್ಲಿ ತಯಾರಾಗಬೇಕು ಎಂಬುದು ವಿಶ್ವವಿದ್ಯಾಲಯಗಳೇ ಚರ್ಚಿಸಬೇಕಾದ ವಿಷಯ.

ಪ್ರಶ್ನೆ ಬರೆಯುವ ಬಗೆ

ಗುಮಾಸ್ತನಾಗಿ ವರ್ಷಗಟ್ಟಲೆ ಅರ್ಜಿಗಳನ್ನು ನೋಡಿದವನು ನಾನು. ಉದ್ದದ ಅರ್ಜಿ ಕಡತದ ಅಡಿಗೆ ಹೋಗುತ್ತದೆ. ಚಿಕ್ಕದಾಗಿ, ಆಧಾರ ಹಚ್ಚಿ, ಒಂದೇ ಬೇಡಿಕೆ ಇಟ್ಟ ಅರ್ಜಿಗೆ ಉತ್ತರ ಬರುತ್ತದೆ. ಗೋಷ್ಠಿಯ ಪ್ರಶ್ನೆಯೂ ಹಾಗೆಯೇ.

‘ಗಡಿನಾಡ ಕನ್ನಡಿಗರಿಗೆ ಅನ್ಯಾಯವಾಗುತ್ತಿದೆ, ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿದರೆ, ‘ಇದು ಗಂಭೀರ ವಿಷಯ, ಎಲ್ಲರೂ ಯೋಚಿಸಬೇಕು’ ಎಂಬ ಉತ್ತರ ಬರುತ್ತದೆ. ಚಪ್ಪಾಳೆಯೂ ಬರುತ್ತದೆ. ಬೇರೆ ಏನೂ ಬರುವುದಿಲ್ಲ.

ಅದರ ಬದಲು ಹೀಗೆ ಕೇಳಿ: ‘ನಾನು ಐಜದವನು. 1956ರವರೆಗೆ ನಮ್ಮ ಸೀಮೆ ರಾಯಚೂರು ಜಿಲ್ಲೆಯಲ್ಲಿತ್ತು. ಸಿಇಟಿಯ ಗಡಿನಾಡ ಕಲಂನಲ್ಲಿ ಏಳು ತಾಲೂಕುಗಳ ಹೆಸರಿದೆ, ತೆಲಂಗಾಣದ ಒಂದೂ ಇಲ್ಲ. ಗದ್ವಾಲ, ಮಕ್ತಲ್ ಭಾಗದಲ್ಲಿ ಕನ್ನಡ ಮನೆಮಾತಾಗಿರುವ ಊರುಗಳ ಸಮೀಕ್ಷೆಯನ್ನು ನಿಮ್ಮ ವಿಭಾಗ ಕೈಗೊಳ್ಳುವುದೇ?’ ಇದಕ್ಕೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದೇ ಹೇಳಬೇಕಾಗುತ್ತದೆ.

ಕೆಲವು ಸೂಚನೆಗಳು:

1. ಪ್ರಶ್ನೆಯನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗಿ. ಐದು ಸಾಲು ಮೀರದಿರಲಿ. ಕೆಳಗೆ ಹೆಸರು, ಊರು ಬರೆಯಿರಿ.

2. ಆಧಾರದ ಕಾಗದದ ನಕಲು ಜೊತೆಗಿರಲಿ. ಸಿಇಟಿ ಪುಸ್ತಿಕೆ ಪ್ರತಿವರ್ಷ ಹೊಸದಾಗಿ ಬರುವುದರಿಂದ ಆ ವರ್ಷದ್ದನ್ನೇ ತೆರೆದು ನೋಡಿ.

3. ಉದ್ಘಾಟನೆ ತಡವಾಗುತ್ತದೆ, ಭಾಷಣ ಬೆಳೆಯುತ್ತದೆ, ಪ್ರಶ್ನೆಯ ಸಮಯ ಕುಗ್ಗುತ್ತದೆ. ಆದ್ದರಿಂದ ಚಹಾ ವಿರಾಮದಲ್ಲಿಯೇ ಗೋಷ್ಠಿಯ ನಿರ್ವಾಹಕರಿಗೆ ಚೀಟಿ ಕೊಟ್ಟುಬಿಡಿ.

4. ಎದ್ದು ನಿಂತಾಗ ಭಾಷಣ ಮಾಡಬೇಡಿ. ಒಂದು ಪ್ರಶ್ನೆ ಕೇಳಿ ಕೂತುಕೊಳ್ಳಿ. ಒಪ್ಪಿಗೆಯಾಗದ ಉತ್ತರ ಬಂದರೂ ಪೂರ್ತಿ ಕೇಳಿ ಬರೆದುಕೊಳ್ಳಿ.

5. ನಮ್ಮ ಕನ್ನಡದಲ್ಲಿ ತೆಲುಗು, ಉರ್ದು ಮಾತು ಬೆರೆತಿದೆ ಎಂದು ನಾಚಬೇಡಿ. ಭಾಷೆಯ ಅಧ್ಯಯನ ಮಾಡುವವರಿಗೆ ಆ ಬೆರಕೆಯೇ ಬೇಕಾದ ಸಾಮಗ್ರಿ.

6. ಹೆಣ್ಣುಮಕ್ಕಳನ್ನೂ ಕಾಲೇಜು ಓದುವವರನ್ನೂ ಕರೆದುಕೊಂಡು ಹೋಗಿ. ಶಾಲೆಯ ತೊಂದರೆ ತಾಯಂದಿರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಹಿಂದಿರುಗಿದ ಮೇಲೆ

ವಿಶ್ವವಿದ್ಯಾಲಯಕ್ಕೆ ಆದೇಶ ಹೊರಡಿಸುವ ಅಧಿಕಾರ ಇಲ್ಲ. ಸಿಇಟಿ ಕಲಂ ಬದಲಿಸುವುದು ಕರ್ನಾಟಕ ಸರ್ಕಾರ, ಶಿಕ್ಷಕರನ್ನು ನೇಮಿಸುವುದು ತೆಲಂಗಾಣ ಸರ್ಕಾರ. ಸಭೆಯಲ್ಲಿ ಕೇಳಿದ ಮರುದಿನವೇ ಕೆಲಸ ಆಗುತ್ತದೆ ಎಂದು ನಂಬಿ ಹೋಗಬೇಡಿ. ವಿಶ್ವವಿದ್ಯಾಲಯ ಮಾಡಬಲ್ಲದ್ದು ಸಮೀಕ್ಷೆ, ಪುಸ್ತಕ, ವಿದ್ಯಾರ್ಥಿಯೊಬ್ಬರ ಸಂಶೋಧನಾ ಪ್ರಬಂಧ, ಸಂಕಿರಣದ ಕೊನೆಯಲ್ಲೊಂದು ನಿರ್ಣಯ. ಸರ್ಕಾರಿ ಕಚೇರಿಗೆ ನಾವು ಬರಿಗೈಯಲ್ಲಿ ಹೋಗುವುದಕ್ಕೂ ವಿಶ್ವವಿದ್ಯಾಲಯದ ವರದಿಯೊಂದನ್ನು ಹಿಡಿದು ಹೋಗುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಕಚೇರಿಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು.

ಆದ್ದರಿಂದ ಊರಿಗೆ ಬಂದ ವಾರದೊಳಗೆ ಆ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆಯಬೇಕು: ‘ಇಂಥ ದಿನ ಇಂಥ ಗೋಷ್ಠಿಯಲ್ಲಿ ನಾನು ಈ ಪ್ರಶ್ನೆ ಕೇಳಿದೆ, ತಾವು ಹೀಗೆ ಹೇಳಿದಿರಿ. ಪ್ರಬಂಧಗಳು ಅಚ್ಚಾಗುವಾಗ ಈ ಪ್ರಶ್ನೆ ಮತ್ತು ಉತ್ತರವನ್ನೂ ದಯಮಾಡಿ ಸೇರಿಸಿರಿ.’ ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಒಂದು ನಕಲು ಸಂಘಕ್ಕೆ ಬರಲಿ.

ಹತ್ತಿರದ ಸಂಸ್ಥೆಗಳ ಕಡೆ ಕಣ್ಣಿಟ್ಟಿರಿ: ಯರಗೇರಾದಲ್ಲಿರುವ ರಾಯಚೂರಿನ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಈ ಕಡೆ ಮಹಬೂಬನಗರದ ಪಾಲಮೂರು ವಿಶ್ವವಿದ್ಯಾಲಯ, ಹೈದರಾಬಾದಿನ ಉಸ್ಮಾನಿಯಾ. ಕನ್ನಡದ ವಿಷಯವೆಂದು ಕರ್ನಾಟಕಕ್ಕೆ ಮಾತ್ರ ಹೋಗಬೇಕಿಲ್ಲ. ನಮ್ಮ ಶಾಲೆಗಳ ಮಾತನ್ನು ಪಾಲಮೂರಿನಲ್ಲಿಯೂ ಎತ್ತಬೇಕು.

ಕೊನೆಯದಾಗಿ ಸಂಘದ ಕೋರಿಕೆ. ಪ್ರತಿ ಊರಿನ ಸದಸ್ಯರು ತಮ್ಮ ಊರಿಗೆ ಸಂಬಂಧಿಸಿದ ಒಂದೊಂದು ಪ್ರಶ್ನೆಯನ್ನು ಅರ್ಧ ಪುಟದಲ್ಲಿ ಬರೆದು, ಆಧಾರದ ನಕಲಿನೊಂದಿಗೆ ಕಳುಹಿಸಿಕೊಡಬೇಕು. ಅವುಗಳನ್ನು ಒಂದು ವಹಿಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಡುತ್ತೇನೆ. ಯಾವ ವಿಶ್ವವಿದ್ಯಾಲಯದಲ್ಲಿ ಯಾವ ವಿಷಯದ ಗೋಷ್ಠಿ ಎಂದು ತಿಳಿದಾಗ ಆ ವಿಷಯದ ಪ್ರಶ್ನೆ ಬರೆದವರೇ ಹೋಗಲಿ, ಜೊತೆಗೆ ಇಬ್ಬರನ್ನು ಸಂಘ ಕಳುಹಿಸಲಿ. ಉತ್ತರ ಬಂದದ್ದನ್ನೂ ಬಾರದಿದ್ದದ್ದನ್ನೂ ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ